ಬೇಡವೆಂದದ್ದನ್ನು ಮತ್ತೆ ಓದಿಸಿದವರು

ಅವರ ಬಲಗೈ ಹೆಬ್ಬೆರಳಿಗೆ ಸದಾ ಒಂದು ಕಿತ್ತಳೆ ಬಣ್ಣದ ರಬ್ಬರ್ ಟೊಪ್ಪಿಗೆ ಇರುತ್ತಿತ್ತು. ಹಾಳೆ ತಿರುವುವಾಗ ಬೆರಳು ಜಾರದಿರಲೆಂದು ಜಪಾನಿನ ಆಫೀಸುಗಳಲ್ಲಿ ಹಾಕಿಕೊಳ್ಳುವಂಥದ್ದು. ಬೇರೆಯವರು ಕೆಲಸ ಮುಗಿದ ಮೇಲೆ ಅದನ್ನು ಕಳಚಿ ಡ್ರಾಯರಿನಲ್ಲಿಡುತ್ತಾರೆ. ಇವರು ಅದನ್ನು ಹಾಕಿಕೊಂಡೇ ಚಹಾ ಕುಡಿಯುತ್ತಿದ್ದರು, ಹಾಕಿಕೊಂಡೇ ರೈಲು ಹತ್ತುತ್ತಿದ್ದರು. ಒಂದು ಭಾನುವಾರ ಹಾಗೆಯೇ ನಮ್ಮ ಮನೆಗೆ ಬಂದು, ಚಮಚ ಹಿಡಿದು ಒಂದಗುಳೂ ಬಿಡದೆ ಚಿತ್ರಾನ್ನ ತಿಂದು ಹೋದರು. ನನ್ನ ಮಗಳು ಅವತ್ತಿನಿಂದ ಅವರನ್ನು ಜಪಾನಿಯಲ್ಲಿ ಹೆಬ್ಬೆರಳಜ್ಜಿ ಎಂದು ಕರೆಯತೊಡಗಿದಳು.

ಎದುರಿಗೆ ನಾನು ಎಲ್ಲರಂತೆ ಸೆನ್ಸೇ ಎನ್ನುತ್ತಿದ್ದೆ. ಈ ದೇಶದಲ್ಲಿ ಮೇಷ್ಟರಿಗೆ, ಡಾಕ್ಟರಿಗೆ, ವಕೀಲರಿಗೆ ಮೂವರಿಗೂ ಅದೊಂದೇ ಮರ್ಯಾದೆಯ ಮಾತು. ಮನೆಗೆ ಬಂದ ಮೇಲೆ ಮಾತ್ರ ವಕೀಲಮ್ಮ. ಅವರು ನನ್ನನ್ನು ಕೊನೆಯವರೆಗೂ ತ್ಸೂಯಾಕು-ಸಾನ್ ಎಂದೇ ಕರೆದರು. ದುಭಾಷಿಯವರೇ ಎಂದು ಅರ್ಥ. ನನ್ನ ಹೆಸರು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಕೆಲಸದಿಂದ ಕರೆಯುವುದೇ ಅವರ ಲೆಕ್ಕದಲ್ಲಿ ದೊಡ್ಡ ಗೌರವವಾಗಿತ್ತು.

ನಾನು ಅವರ ಕೈಗೆ ಸಿಕ್ಕಿದ್ದು ನನ್ನ ಜಂಬದಿಂದ. ನಾನು ಹುಟ್ಟಿ ಬೆಳೆದದ್ದು ಕೋಲಾರದ ಚಿನ್ನದ ಗಣಿಯ ಲೈನುಮನೆಗಳ ಪಕ್ಕದಲ್ಲಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಮುಂದೆ ಬೆಂಗಳೂರಿನಲ್ಲಿ ಜಪಾನಿ ಕಲಿತೆ, ಗಂಡನ ಕೆಲಸದ ದೆಸೆಯಿಂದ ಕಾವಾಸಾಕಿಗೆ ಬಂದು ನಾನೂ ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿದೆ. ಇಲ್ಲಿನ ನಗರಸಭೆಯಲ್ಲಿ ಸ್ವಯಂಸೇವಕ ದುಭಾಷಿಗಳ ಪಟ್ಟಿಗೆ ಹೆಸರು ಕೊಡುವಾಗ ಕನ್ನಡದ ಕೆಳಗೆ ತಮಿಳು ಎಂದೂ ಬರೆದಿದ್ದೆ. ವರ್ಷಗಟ್ಟಲೆ ಯಾರೂ ಕರೆಯಲಿಲ್ಲ. ಕರೆ ಬಂದದ್ದು ಕೊರೊನಾ ಶುರುವಾದ ಮೇಲೆ. ಆಫೀಸುಗಳೆಲ್ಲ ಮನೆಯೊಳಗೆ ಬಂದು ಕೂತಿದ್ದ ಕಾಲ ಅದು. ನನ್ನ ಗಂಡ ಊಟದ ಮೇಜಿನ ಈ ತುದಿಯಲ್ಲಿ ಮೀಟಿಂಗಿನಲ್ಲಿದ್ದರೆ, ಮಗಳು ಆ ತುದಿಯಲ್ಲಿ ಆನ್‌ಲೈನ್ ಕ್ಲಾಸಿನಲ್ಲಿರುತ್ತಿದ್ದಳು.

ಫೋನಿನಲ್ಲಿ ವಕೀಲಮ್ಮ ಪೀಠಿಕೆಯನ್ನೇ ಹಾಕಲಿಲ್ಲ. "ಒಬ್ಬರಿಗೆ ಆಶ್ರಯ ಕೊಡಲ್ಲ ಅಂತ ಸರ್ಕಾರ ಹೇಳಿದೆ. ಆ ಆದೇಶ ಸರಿಯಿಲ್ಲ ಅಂತ ಕೋರ್ಟಿಗೆ ಹೋಗ್ತಿದ್ದೀನಿ. ಅವರು ತಮಿಳು ಮಾತಾಡ್ತಾರೆ. ನಾಳೆ ಬರ್ತೀರಾ?"

ಬರುತ್ತೇನೆ ಎಂದುಬಿಟ್ಟೆ. ಫೋನಿಟ್ಟ ಮೇಲೆ ಗಂಡ ಹೆಡ್‌ಫೋನ್ ತೆಗೆದು, "ನಿಂಗ್ಯಾಕೇ ಬೇಕು ಈ ಉಸಾಬರಿ? ನಮ್ ವೀಸಾನೇ ಕಂಪ್ನಿಯವ್ರ ಕೈಲಿದೆ," ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಬೇಡವೆಂದರೆ ಮಾಡಬೇಕೆನಿಸುವ ಬುದ್ಧಿ ನನ್ನದು.

ವಕೀಲಮ್ಮನ ಆಫೀಸೆಂದರೆ ನಿಲ್ದಾಣದ ಹಿಂದಿನ ಓಣಿಯಲ್ಲಿದ್ದ ಹಳೆಯ ಮರದ ಮನೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಂದು ಮೆಟ್ಟಿಲು ಹತ್ತಿದರೆ ಚಾಪೆ ಹಾಸಿದ ಕೋಣೆ. ಸೋಂಕಿನ ಭಯಕ್ಕೆ ಚಳಿಗಾಲದಲ್ಲೂ ಕಿಟಕಿಗಳು ತೆರೆದಿರುತ್ತಿದ್ದವು. ಆ ಚಳಿಯನ್ನು ಓಡಿಸಲು ಮೂಲೆಯಲ್ಲಿ ಒಂದು ಸೀಮೆಎಣ್ಣೆ ಒಲೆ. ನಾವು ಕೋಟು ಹಾಕಿಕೊಂಡೇ ಕೂರುತ್ತಿದ್ದೆವು. ಅವರಿಗೆ ಆಗ ಎಪ್ಪತ್ತರ ಆಸುಪಾಸು. ತಮ್ಮ ಹಳೆಯ ಹತ್ತಿಯ ಕಿಮೋನೋ ಕತ್ತರಿಸಿ ತಾವೇ ಮಾಸ್ಕು ಹೊಲಿದುಕೊಂಡಿದ್ದರು. ಫೈಲುಗಳನ್ನು ಬ್ಯಾಗಿನಲ್ಲಿ ಒಯ್ಯದೆ ನೇರಳೆ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು, ನಮ್ಮ ಕಡೆ ಅಗಸರು ಬಟ್ಟೆಗಂಟು ಹಿಡಿಯುವಂತೆ ಕಂಕುಳಲ್ಲಿಟ್ಟುಕೊಂಡು ಕೋರ್ಟಿಗೆ ಹೋಗುತ್ತಿದ್ದರು.

ಅವರ ಕಕ್ಷಿದಾರನನ್ನು ನಾನು ಮೊದಲ ದಿನವೇ 'ತಂಬಿ' ಎಂದೆ. ನಮ್ಮ ಗಣಿಯ ಕಡೆ ತನಗಿಂತ ಚಿಕ್ಕವರೆಲ್ಲ ತಂಬಿಗಳೇ. ವಕೀಲಮ್ಮ ಅದನ್ನು ಕೇಳಿಸಿಕೊಂಡು ತಂಬಿ-ಸಾನ್ ಎಂದು ಶುರುಮಾಡಿದರು, ಅದೇ ನಿಂತಿತು. ತಂಬಿ ತಮಿಳುನಾಡಿನವನಲ್ಲ, ಸಮುದ್ರದಾಚೆಯವನು. ಅವನ ದೇಶದ ಹೆಸರು ಬರೆಯುವುದಿಲ್ಲ. ಅವನ ಹೆಂಡತಿ, ತಾಯಿ ಇಬ್ಬರೂ ಇನ್ನೂ ಅಲ್ಲೇ ಇದ್ದಾರೆ.

ಊರಿನಲ್ಲಿ ಅವನು ಆಟೋ ಓಡಿಸಿಕೊಂಡಿದ್ದ. ಪಕ್ಕದ ಬೀದಿಯ ಒಬ್ಬನನ್ನು ಹಾಡಹಗಲೇ ಕೆಲವರು ಎಳೆದುಕೊಂಡು ಹೋದರು. ಆ ಮನುಷ್ಯ ಮತ್ತೆ ಬರಲಿಲ್ಲ. ವಿಚಾರಣೆ ನಡೆದಾಗ, ಎಳೆದೊಯ್ದವರು ಯಾರೆಂದು ಹೆಸರು ಹೇಳಿದವನು ತಂಬಿ ಒಬ್ಬನೇ. ಕೆಲವೇ ದಿನಗಳಲ್ಲಿ ಅವರು ಇವನನ್ನು ಹುಡುಕಿಕೊಂಡು ಬಂದರು. ದೇವಸ್ಥಾನದಲ್ಲಿ ದೀಪ ಹಚ್ಚುವ ಹೊತ್ತು. ತಂಬಿ ಹಿತ್ತಲಿನಿಂದ ಓಡಿ, ತಮಿಳರು ಪಿಳ್ಳೆಯಾರ್ ಎನ್ನುವ ಗಣಪತಿಯ ಗುಡಿಯ ಒಳಗೆ, ಉತ್ಸವದ ವಾಹನಗಳನ್ನಿಡುವ ಕೋಣೆಯಲ್ಲಿ ಅಡಗಿದ. ಬಂದವರು ಗುಡಿಯ ಮೆಟ್ಟಿಲ ಮೇಲೆ ಅವನ ಚಪ್ಪಲಿ ನೋಡಿದರು. ಒಳಗೆ ನುಗ್ಗಿ ಅವನನ್ನು ಎಳೆದು ಹೊಡೆದರು. ಪೂಜಾರಿ ಸುಮ್ಮನಿರದೆ ಗಂಟೆ ಬಾರಿಸತೊಡಗಿದ, ಜನ ಸೇರಿದರು. ಮತ್ತೆ ಬರುತ್ತೇವೆಂದು ಹೇಳಿ ಅವರು ಹೋದರು. ಅವರು ಮತ್ತೆ ಬರುವಷ್ಟರಲ್ಲಿ ತಂಬಿ ಊರು ಬಿಟ್ಟಿದ್ದ.

ಆಶ್ರಯ ನಿರಾಕರಿಸಿದ ಆದೇಶದಲ್ಲಿ ಕಾರಣ ಹೀಗಿತ್ತು: ಪ್ರಾಣಭಯದಿಂದ ಓಡುತ್ತಿರುವ ವ್ಯಕ್ತಿ ಪಾದರಕ್ಷೆಯನ್ನು ಹೊರಗೆ ಕಳಚಿಟ್ಟು, ತಾನು ಅಡಗಿದ ಜಾಗವನ್ನು ತಾನೇ ತೋರಿಸಿಕೊಡುವುದು ಅಸ್ವಾಭಾವಿಕ, ಆದ್ದರಿಂದ ಇಡೀ ಘಟನೆ ನಂಬಲು ಅರ್ಹವಲ್ಲ.

ಇದನ್ನು ತಂಬಿಗೆ ಓದಿ ಹೇಳುವಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಅವನ ಕಥೆಯನ್ನು ಮೊದಲು ಕೇಳಿದಾಗ ಆ ಚಪ್ಪಲಿ ನನ್ನ ಗಮನಕ್ಕೇ ಬಂದಿರಲಿಲ್ಲ. ಗುಡಿಯೊಳಗೆ ಹೋದ, ಚಪ್ಪಲಿ ಬಿಟ್ಟ. ಅದರಲ್ಲಿ ಹೇಳುವುದಕ್ಕೇನಿದೆ? ಆದರೆ ಹೊರಗಿನವರಿಗೆ ಅದು ಬರೀ ಸುಳ್ಳಿನಂತೆ ಕಂಡಿತ್ತು.

ವಕೀಲಮ್ಮನಿಗೂ ಅದು ಅರ್ಥವಾಗಿರಲಿಲ್ಲ ಎಂಬುದನ್ನು ಹೇಳಲೇಬೇಕು. ಪ್ರತಿ ಭೇಟಿಯಲ್ಲೂ ಅದೇ ಪ್ರಶ್ನೆ. "ತಂಬಿ-ಸಾನ್, ಹಿಂದೆ ಅವರು ಓಡಿ ಬರ್ತಿದ್ದಾರೆ. ಚಪ್ಪಲಿ ಯಾಕೆ ಬಿಟ್ಟಿರಿ?"

"ಅದು ಕೋವಿಲ್ ಅಲ್ವಾ ಅಕ್ಕಾ," ಎಂದು ಅವನು ನನ್ನ ಮುಖ ನೋಡುತ್ತಿದ್ದ.

"ದೇವಸ್ಥಾನ ಅಂತ," ಎಂದು ನಾನು ಜಪಾನಿಗೆ ತಿರುಗಿಸುತ್ತಿದ್ದೆ.

"ಅದು ಗೊತ್ತು. ಆ ಕ್ಷಣದಲ್ಲಿ ಏನು ಯೋಚನೆ ಬಂತು?"

"ಏನೂ ಯೋಚನೆ ಬರ್ಲಿಲ್ಲ."

"ಹಾಗಾದ್ರೆ, ಮತ್ತೆ ಮೊದಲಿಂದ ಹೇಳಿ," ಎನ್ನುತ್ತಿದ್ದರು ವಕೀಲಮ್ಮ. ಆ ಮಾತನ್ನು ಅವರು ಚಹಾ ಬೇಕೇ ಎಂದು ಕೇಳುವಷ್ಟೇ ಸಮಾಧಾನದಿಂದ ಹೇಳುತ್ತಿದ್ದರು. ನನಗೋ ತಲೆ ಚಿಟ್ಟುಹಿಡಿಯುತ್ತಿತ್ತು.

ಕೋರ್ಟು ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ಅವರು ತಂಬಿಗೆ ಆರಂಭದಲ್ಲೇ ಸ್ಪಷ್ಟವಾಗಿ ಹೇಳಿದ್ದರು. "ಕೋರ್ಟು ನಿಮಗೆ ಆಶ್ರಯ ಕೊಡಲ್ಲ. ಕೊಡಲ್ಲ ಅಂತ ವಲಸೆ ಇಲಾಖೆ ಹೇಳಿದ್ದು ಕಾನೂನಿನ ಪ್ರಕಾರ ಸರಿಯೋ ತಪ್ಪೋ, ಅಷ್ಟನ್ನ ನೋಡತ್ತೆ. ತಪ್ಪು ಅಂದ್ರೆ ಆ ಆದೇಶ ಬಿದ್ದುಹೋಗತ್ತೆ, ಇಲಾಖೆ ಮತ್ತೆ ಯೋಚನೆ ಮಾಡಬೇಕು. ಸರಿ ಅಂದ್ರೆ ನಿಮ್ಮನ್ನ ವಾಪಸ್ ಕಳಿಸ್ತಾರೆ. ನಾನು ಯಾರ ಹತ್ರನೂ ಕರುಣೆ ಕೇಳೋದಕ್ಕೆ ಹೋಗ್ತಿಲ್ಲ. ಇನ್ನೊಂದು ಸಲ ಸರಿಯಾಗಿ ಓದಿ ಅಂತ ಕೇಳ್ತಿದ್ದೀನಿ."

ವಾಪಸ್ ಹೋಗುವುದೆಂದರೆ ಏನೆಂದು ತಂಬಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಹೆಸರು ಹೇಳಿಸಿಕೊಂಡವರಲ್ಲಿ ಒಬ್ಬ ಈಗ ಅವನ ಊರಿನಲ್ಲಿ ದೊಡ್ಡ ಮನುಷ್ಯನಾಗಿದ್ದ. ಇಲ್ಲಿ ತಂಬಿಯನ್ನು ವಲಸೆ ಇಲಾಖೆಯ ಬಂಧನಗೃಹದಿಂದ ತಾತ್ಕಾಲಿಕವಾಗಿ ಹೊರಗೆ ಬಿಟ್ಟಿದ್ದರು. ಕೆಲಸ ಮಾಡುವಂತಿಲ್ಲ, ಅನುಮತಿಯಿಲ್ಲದೆ ಪ್ರಾಂತ್ಯದ ಗಡಿ ದಾಟುವಂತಿಲ್ಲ. ಕೋರ್ಟು ಇರುವುದು ಹೊಳೆಯ ಆಚೆಯ ಟೋಕಿಯೋದಲ್ಲಿ. ತನ್ನದೇ ಮೊಕದ್ದಮೆಗೆ ಹೋಗಲು ಅವನು ಪ್ರತಿಸಲ ಅನುಮತಿ ಕೇಳಬೇಕಿತ್ತು.

ಒಂದು ದಿನ ತಂಬಿ ತಲೆ ತಗ್ಗಿಸಿಕೊಂಡು, "ಅಕ್ಕಾ, ಓಡೋವಾಗ ಚಪ್ಪಲಿ ಕಾಲಿಂದ ಬಿದ್ದುಹೋಯ್ತು ಅಂತ ಹೇಳಿಬಿಡ್ಲಾ? ಅದಾದ್ರೆ ಎಲ್ರೂ ನಂಬ್ತಾರೆ," ಎಂದ.

ಹೇಳಿದ್ದನ್ನೆಲ್ಲ ತಿರುಗಿಸಿ ಹೇಳುವುದು ನನ್ನ ಕೆಲಸ. ಹೇಳಿದೆ. ವಕೀಲಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಹಾಗೆ ಹೇಳೋದಾದ್ರೆ ಇವತ್ತೇ ಬೇರೆ ವಕೀಲರನ್ನ ಹುಡುಕಿಕೊಳ್ಳಿ. ಚಪ್ಪಲಿ ಬಿಟ್ಟಿದ್ದು ನನಗೆ ಅರ್ಥ ಆಗಿಲ್ಲ, ಅದು ನನ್ನ ಕಷ್ಟ. ಅರ್ಥ ಮಾಡಿಕೊಳ್ಳೋದು ನನ್ನ ಕೆಲಸ. ನನಗೆ ಸುಲಭ ಆಗ್ಲಿ ಅಂತ ನೀವು ನಿಮ್ಮ ಜೀವನದಲ್ಲಿ ನಡೆದದ್ದನ್ನ ತಿದ್ದಬೇಡಿ."

ಆಮೇಲೆ ಅವರೇ ಎದ್ದುಹೋಗಿ ಮೂವರಿಗೂ ಚಹಾ ತಂದರು. ಅವನ ಬಟ್ಟಲನ್ನು ಮೊದಲು ಇಟ್ಟರು.

ಜಪಾನಿನ ಕೋರ್ಟು ನೋಡಿ ನನಗೆ ಭಾರಿ ನಿರಾಸೆಯಾಯಿತು. ಸಿನಿಮಾದಲ್ಲಿ ನೋಡಿದ ಮೇಜು ಕುಟ್ಟುವ ವಾದಗಳನ್ನು ನಾನು ನಿರೀಕ್ಷಿಸಿದ್ದೆ. ಇಲ್ಲಿ ವಕೀಲರು ಎದ್ದು ನಿಂತು "ಬರೆದು ಕೊಟ್ಟಂತೆಯೇ ನಮ್ಮ ವಾದ" ಎನ್ನುತ್ತಾರೆ, ನ್ಯಾಯಾಧೀಶರು ಡೈರಿ ನೋಡಿ ಮುಂದಿನ ತಾರೀಕು ಕೊಡುತ್ತಾರೆ, ಅಷ್ಟೇ. ಒಂದು ತಾರೀಕಂತೂ ಕೊರೊನಾ ತುರ್ತುಸ್ಥಿತಿಯ ಘೋಷಣೆಯಿಂದ ಮುಂದೆ ಮುಂದೆ ಹೋಗಿ ತಿಂಗಳುಗಳೇ ಕಳೆದವು. ತಂಬಿಯನ್ನು ಪ್ರಶ್ನಿಸಿದ ದಿನ ಕೋರ್ಟೇ ಬೇರೆ ದುಭಾಷಿಯನ್ನು ಕರೆಸಿತ್ತು. ನಾನು ಪ್ರೇಕ್ಷಕರ ಸಾಲಿನಲ್ಲಿ, ಒಂದು ಕುರ್ಚಿ ಬಿಟ್ಟು ಒಂದು ಕುರ್ಚಿಗೆ ಅಂಟಿಸಿದ್ದ 'ಇಲ್ಲಿ ಕೂರಬೇಡಿ' ಚೀಟಿಗಳ ನಡುವೆ ಬಾಯಿಮುಚ್ಚಿಕೊಂಡು ಕೂತಿದ್ದೆ. ನನ್ನ ಬಾಯಿಗೆ ಅದು ಎಂಥ ಶಿಕ್ಷೆ ಎಂದು ನನ್ನನ್ನು ಬಲ್ಲವರಿಗೆ ಗೊತ್ತು. ಸರ್ಕಾರದ ಪರ ಬಂದವರು ಚಪ್ಪಲಿಯ ವಿಷಯವನ್ನೇ ಕೇಳಿದರು. ತಂಬಿ, ಅದು ಕೋವಿಲ್ ಎಂದ. ಅಲ್ಲಿಗೆ ಮುಗಿಯಿತು.

ಸೋತೆವು. ಇಲಾಖೆ ಬರೆದಿದ್ದ ವಾಕ್ಯವನ್ನೇ ಜಿಲ್ಲಾ ನ್ಯಾಯಾಲಯವೂ ಹೆಚ್ಚುಕಡಿಮೆ ಹಾಗೆಯೇ ಬರೆದಿತ್ತು. ತಂಬಿ ಅಂದಿನಿಂದ ಊಟ ಬಿಟ್ಟಂತೆ ಸೊರಗಿದ. ಹೆಂಡತಿ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ, ಏನು ಹೇಳಲಿ ಎನ್ನುತ್ತಿದ್ದ. ವಕೀಲಮ್ಮ ಮೇಲ್ಮನವಿ ಹಾಕಿದರು. "ಅದೇ ವಾದ ಇಟ್ಕೊಂಡು ಹೋದ್ರೆ ಅದೇ ಉತ್ತರ ಬರತ್ತೆ," ಎಂದು ನನ್ನೆದುರು ಒಪ್ಪಿಕೊಂಡರು. ಆದರೂ ಬೇರೆ ವಾದ ಅವರಿಗೆ ಸಿಕ್ಕಿರಲಿಲ್ಲ.

ಅದಾದ ಮೇಲಿನ ಒಂದು ಮಧ್ಯಾಹ್ನ, ನಾವು ಮೂವರೂ ಆಫೀಸಿನಲ್ಲಿ ಕೂತಿದ್ದಾಗ ಭೂಮಿ ನಡುಗಿತು. ಇಲ್ಲಿ ಸಣ್ಣಪುಟ್ಟ ನಡುಕಕ್ಕೆ ಯಾರೂ ತಲೆ ಎತ್ತುವುದಿಲ್ಲ. ಇದು ಹಾಗಿರಲಿಲ್ಲ. ಫೋನುಗಳು ಒಟ್ಟಿಗೆ ಚೀರಿಕೊಂಡವು, ಕಪಾಟಿನಿಂದ ಫೈಲುಗಳು ಧೊಪಧೊಪನೆ ಬಿದ್ದವು. ಆ ಹಳೆಯ ಮನೆಯ ಹೆಂಚು ತಲೆಯ ಮೇಲೆ ಬೀಳುವುದೆಂದು ನಾನು ಕಾಲುಚೀಲದಲ್ಲೇ ಬೀದಿಗೆ ಓಡಿದೆ, ತಂಬಿಯೂ ಓಡಿ ಬಂದ. ವಕೀಲಮ್ಮ ಬಾಗಿಲಲ್ಲಿದ್ದ ಮರದ ಚಪ್ಪಲಿ ಮೆಟ್ಟಿಕೊಂಡು ಕೊನೆಗೆ ಹೊರಗೆ ಬಂದರು. ಬಂದವರೇ, "ಅಯ್ಯೋ, ಒಲೆ!" ಎಂದು ಮತ್ತೆ ಒಳಕ್ಕೆ ಓಡಿದರು. ಸೀಮೆಎಣ್ಣೆ ಒಲೆ ಉರಿಯುತ್ತಲೇ ಇತ್ತು, ಅದರ ಪಕ್ಕದಲ್ಲೇ ಕಾಗದದ ರಾಶಿ.

"ಸೆನ್ಸೇ, ಬೇಡ!" ಎಂದು ನಾನು ಕೂಗಿದೆ. ಬಾಗಿಲು ಬೀದಿಗೆ ತೆರೆದೇ ಇದ್ದುದರಿಂದ ಎಲ್ಲವೂ ಕಾಣುತ್ತಿತ್ತು. ಹೆಂಚುಗಳು ಗಡಗಡ ಎನ್ನುತ್ತಿದ್ದವು. ವಕೀಲಮ್ಮ ಬಾಗಿಲೊಳಗೆ ನಿಂತರು. ಚಪ್ಪಲಿ ಕಳಚಿದರು. ಬಗ್ಗಿ, ಎರಡನ್ನೂ ಜೋಡಿಸಿ, ಅವುಗಳ ಮುಂಭಾಗ ಬೀದಿಯ ಕಡೆ ಬರುವಂತೆ ತಿರುಗಿಸಿಟ್ಟರು. ಆಮೇಲೆ ಮೆಟ್ಟಿಲು ಹತ್ತಿ ಒಳಗೆ ಓಡಿ ಒಲೆ ಆರಿಸಿದರು.

ತಂಬಿ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡ. "ಅಕ್ಕಾ, ನೋಡಿದ್ರಾ? ಸೆನ್ಸೇ ಚಪ್ಪಲಿ ಬಿಟ್ರು!"

ನಡುಕ ನಿಂತು, ಅವರು ಏದುಸಿರು ಬಿಡುತ್ತಾ ಹೊರಗೆ ಬಂದ ಮೇಲೆ ನಾನು ಅದನ್ನು ಹೇಳಿದೆ.

"ಇಲ್ಲ ಇಲ್ಲ. ಮನೆ ಅಲ್ಲಾಡ್ತಿತ್ತು, ಅದೆಲ್ಲಾ ಯಾರು ಮಾಡ್ತಾರೆ? ಹಾಗೇ ನುಗ್ಗಿದೆ," ಎಂದರು.

"ಬಿಟ್ರಿ ಸೆನ್ಸೇ. ಜೋಡಿಸಿ, ತಿರುಗಿಸಿ ಕೂಡ ಇಟ್ರಿ. ನಾವಿಬ್ರೂ ನೋಡಿದ್ವಿ."

ಅವರು ನನ್ನನ್ನು ನೋಡಿದರು, ತಂಬಿಯನ್ನು ನೋಡಿದರು, ತಮ್ಮ ಕಾಲನ್ನು ನೋಡಿಕೊಂಡರು. ಎದುರು ಮನೆಯ ಗಿಡ್ಡ ಗೋಡೆಯ ಮೇಲೆ ಕುಸಿದು ಕೂತು ನಗಲು ಶುರುಮಾಡಿದರು. ಮಾಸ್ಕು ಒದ್ದೆಯಾಗುವಷ್ಟು ನಕ್ಕರು. ತಂಬಿಯೂ ನಕ್ಕ. ಅವನ ನಗುವನ್ನು ನಾನು ಮೊದಲ ಸಲ ನೋಡಿದ್ದು ಆಗಲೇ. ನಗು ನಿಂತ ಮೇಲೆ ವಕೀಲಮ್ಮ ಎದ್ದು, ಅವನ ಎದುರು ನಿಂತು, ಸೊಂಟದಿಂದ ಪೂರ್ತಿ ಬಗ್ಗಿ ನಮಸ್ಕರಿಸಿದರು. "ಇಷ್ಟು ದಿನ ಇದೇ ಪ್ರಶ್ನೆ ಕೇಳಿ ನಿಮಗೆ ನೋವು ಕೊಟ್ಟೆ. ಕ್ಷಮಿಸಿ." ತಂಬಿ ಗಾಬರಿಯಾಗಿ ಅವರಿಗಿಂತ ಕೆಳಗೆ ಬಗ್ಗಿದ. ಇಬ್ಬರೂ ಹಾಗೆ ಬೀದಿಯಲ್ಲಿ ಬಗ್ಗಿಕೊಂಡೇ ಇದ್ದರು.

ಉಚ್ಚ ನ್ಯಾಯಾಲಯದಲ್ಲಿ ವಿಚಾರಣೆ ನಡೆದದ್ದು ಒಂದೇ ದಿನ. ವಕೀಲಮ್ಮ ಎದ್ದು ನಿಂತು, ಬರೆದು ಕೊಟ್ಟಂತೆಯೇ ನಮ್ಮ ವಾದ ಎಂದರು. ಕೂರಲಿಲ್ಲ. ಸ್ವಲ್ಪ ಮಾತಾಡಲು ಅನುಮತಿ ಕೇಳಿದರು.

"ಕಳೆದ ಭೂಕಂಪದಲ್ಲಿ ಉರಿಯುವ ಒಲೆ ಆರಿಸಲು ನಾನು ನನ್ನ ಕಚೇರಿಯೊಳಗೆ ಓಡಿದೆ. ಜೀವ ಹೋಗಬಹುದಿತ್ತು. ಬಾಗಿಲಲ್ಲಿ ಚಪ್ಪಲಿ ಕಳಚಿ ಜೋಡಿಸಿಟ್ಟೆನಂತೆ. ನನಗೆ ಅದು ನೆನಪಿಲ್ಲ. ನಾನು ಯೋಚನೆ ಮಾಡಿ ಬಿಟ್ಟದ್ದಲ್ಲ, ಕಾಲು ಬಿಟ್ಟದ್ದು. ಅದಕ್ಕೆ ಸಾಕ್ಷಿ ಮೇಲ್ಮನವಿದಾರರು. ಅವರು ಹೇಳಿದ್ದನ್ನು ನಾನು ಕೂಡ ಮೊದಲು ನಂಬಲಿಲ್ಲ."

ಕಕ್ಷಿದಾರನನ್ನೇ ತನಗೆ ಸಾಕ್ಷಿ ಮಾಡಿಕೊಂಡ ವಕೀಲರನ್ನು ಆ ನ್ಯಾಯಾಲಯ ಹಿಂದೆ ಕಂಡಿತ್ತೋ ಇಲ್ಲವೋ. ಸರ್ಕಾರದ ಕಡೆಯವರು, ಇದು ದಾಖಲೆಯಲ್ಲಿಲ್ಲ ಎಂದು ಆಕ್ಷೇಪಿಸಿದರು. ಹಿರಿಯ ನ್ಯಾಯಾಧೀಶರು, ಕೇಳಿಸಿಕೊಂಡಿದ್ದೇವೆ ಎಂದಷ್ಟೇ ಹೇಳಿ ತೀರ್ಪಿನ ತಾರೀಕು ಕೊಟ್ಟರು.

ಹೊರಗೆ ಬಂದ ಮೇಲೆ ವಕೀಲಮ್ಮ ಮೆಟ್ಟಿಲ ಬಳಿ ಗೋಡೆಗೆ ಒರಗಿ ನಿಂತರು. ಸುಸ್ತಾಗಿದೆ, ವಯಸ್ಸಾಯಿತು ನೋಡಿ ಎಂದರು. ಫೈಲಿನ ಗಂಟು ನನ್ನ ಕೈಗೆ ಕೊಟ್ಟರು. ಅದುವರೆಗೂ ಅದನ್ನು ಬೇರೆ ಯಾರ ಕೈಗೂ ಕೊಟ್ಟಿರಲಿಲ್ಲ. ಆಗಲೇ ನನಗೆ ತಿಳಿಯಬೇಕಿತ್ತು.

ಹೊಟ್ಟೆಯಲ್ಲಿ ಗಡ್ಡೆ ಇರುವುದು ಅವರಿಗೆ ಮುಂಚಿನಿಂದಲೇ ಗೊತ್ತಿತ್ತಂತೆ. ಆಪರೇಷನ್ನನ್ನು ಮುಂದೆ ಹಾಕಿಕೊಂಡೇ ಬಂದಿದ್ದರಂತೆ. ಇದೆಲ್ಲ ನಮಗೆ ತಿಳಿದದ್ದು ಅವರು ತೀರಿಹೋದ ಮೇಲೆ, ಅವರ ಕೇಸುಗಳನ್ನು ವಹಿಸಿಕೊಂಡ ಯುವ ವಕೀಲರೊಬ್ಬರ ಫೋನಿನಿಂದ. ಆಸ್ಪತ್ರೆಯೊಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಅಂತ್ಯಕ್ರಿಯೆ ಬೇರೆ ಪ್ರಾಂತ್ಯದಲ್ಲಿದ್ದ ಅವರ ಹುಟ್ಟೂರಿನಲ್ಲಿ ಮನೆಯವರಷ್ಟೇ ಸೇರಿ ನಡೆದುಹೋಗಿತ್ತು. ತಂಬಿ ನನ್ನ ಮನೆಗೆ ಬಂದು, ಅಡುಗೆಮನೆಯ ನೆಲದ ಮೇಲೆ ಕೂತು ಅತ್ತ. ನನಗೆ ಈ ಉಸಾಬರಿ ಬೇಡವೆಂದಿದ್ದ ಗಂಡ ಮೀಟಿಂಗ್ ಬಿಟ್ಟು ಎದ್ದು ಬಂದು ಅವನಿಗೆ ಕಾಫಿ ಮಾಡಿಕೊಟ್ಟರು.

ಅವರಿಂದ ನನಗೆ ಬಂದದ್ದು ಬಹಳ. ಈಗ ನಾನು ಕಂಪನಿಯ ಕೆಲಸ ಬಿಟ್ಟು ಇದೇ ಕೆಲಸ ಮಾಡುತ್ತಿದ್ದೇನೆ. ಎದುರಿಗೆ ಕೂತವರ ಮಾತು ಬಾಲಿಶವೆನಿಸಿದಾಗ, ಹೀಗೆ ಯಾರಾದರೂ ಮಾಡುತ್ತಾರೆಯೇ ಎನಿಸಿದಾಗ, ನನಗೆ ಅರ್ಥವಾಗದ್ದು ನನ್ನ ಕಷ್ಟ ಎಂದುಕೊಳ್ಳಲು ಕಲಿತಿದ್ದೇನೆ. ಅದು ಸುಲಭವಾಗಿ ಬರುವುದಿಲ್ಲ, ಮುಖ್ಯವಾಗಿ ನನ್ನಂಥ ಮುಂಗೋಪಿಗೆ.

ತೀರ್ಪಿನ ದಿನ ಯುವ ವಕೀಲರಿಗೆ ಬೇರೆ ಕೋರ್ಟಿತ್ತು. ಇಂಥ ಮೊಕದ್ದಮೆಗಳಲ್ಲಿ ತೀರ್ಪು ಕೇಳಲು ವಕೀಲರು ಬರುವ ಪದ್ಧತಿಯೂ ಇಲ್ಲಿ ಕಡಿಮೆ, ಆಮೇಲೆ ಗುಮಾಸ್ತರಿಗೆ ಫೋನ್ ಮಾಡಿ ತಿಳಿದುಕೊಳ್ಳುತ್ತಾರೆ. ಸರ್ಕಾರದ ಕಡೆಯ ಕುರ್ಚಿಗಳೂ ಖಾಲಿಯಿದ್ದವು. ತಂಬಿ ತನ್ನ ಜಾಗದಲ್ಲಿ ಒಬ್ಬನೇ ಕೂತ. ಅವನ ಪಕ್ಕದ ವಕೀಲರ ಕುರ್ಚಿ ಖಾಲಿ. ಕಟಕಟೆಯ ಈಚೆ, ಅವನ ಬೆನ್ನಿಗೆ ನಾನು.

ಮೂವರು ನ್ಯಾಯಾಧೀಶರು ಬಂದರು, ಎದ್ದು ನಿಂತು ಕೂತೆವು. ಹಿರಿಯರು ಎರಡು ವಾಕ್ಯ ಓದಿದರು. ಕಾರಣಗಳನ್ನು ಓದದೆ ಎದ್ದು ಹೋದರು. ಒಂದು ನಿಮಿಷವೂ ಆಗಲಿಲ್ಲ.

ತಂಬಿ ತಿರುಗಿ ನೋಡಿದ. "ಅಕ್ಕಾ, ಏನಂದ್ರು?"

"ಕೆಳಗಿನ ಕೋರ್ಟಿನ ತೀರ್ಪನ್ನ ರದ್ದು ಮಾಡಿದೀವಿ. ಇವರಿಗೆ ಆಶ್ರಯ ಕೊಡಲ್ಲ ಅಂದ ಆದೇಶಾನೂ ರದ್ದು ಮಾಡಿದೀವಿ. ಹಾಗಂದ್ರು."

"ಇನ್ನೊಂದ್ಸಲ ಹೇಳಿ ಅಕ್ಕಾ," ಎಂದ. ಹೇಳಿದೆ. ಮುಂದಿನ ಮೊಕದ್ದಮೆಯವರು ಬಾಗಿಲಲ್ಲಿ ಕಾಯುತ್ತಿದ್ದರು. ಕೋರ್ಟಿನ ಸಿಬ್ಬಂದಿ ನಮ್ಮನ್ನು ನೋಡಿದರು, ಹೊರಡಿ ಎನ್ನಲಿಲ್ಲ. ತಂಬಿ ಪಕ್ಕದ ಖಾಲಿ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟ.

"ಸೆನ್ಸೇಗೂ ಹೇಳಿ ಅಕ್ಕಾ. ಅವರಿಗೆ ಜಪಾನಿಯಲ್ಲೇ ಹೇಳಿ."

ನಾನು ಕಟಕಟೆಯ ಮೇಲೆ ಬಗ್ಗಿ, ಆ ಎರಡು ವಾಕ್ಯಗಳನ್ನು ಹೇಳಿದೆ.